ಹೊಡೆತಕ್ಕೆ ಬಿಡಬಾರದು, ನೀರಿಗೆ ಬಿಡಬೇಕು

ಎರಡು ವಸ್ತು ಕೂಡಿಸುವಾಗ ಮತ್ತೆಂದೂ ಬಿಡದ ಹಾಗೆ ಕೂಡಿಸುವುದು ಹೆಚ್ಚೋ, ಬೇಕಾದಾಗ ಬಿಡಿಸಲು ಬರುವ ಹಾಗೆ ಕೂಡಿಸುವುದು ಹೆಚ್ಚೋ? ಇದು ನನ್ನ ಸವಾಲು. ಗೀಗೀ ಪದ ಹಾಡುವವನಿಗೆ ಸವಾಲಿಲ್ಲದೆ ಮಾತು ಏಳೋದಿಲ್ಲ. ಹರದೇಶಿ ಒಂದು ಹೇಳಿದರೆ ನಾಗೇಶಿ ಅದಕ್ಕೆ ಎದುರು ಹೇಳಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಬೆಳತನಕ ವಾದ ಮಾಡುವ ಮೇಳ ನಮ್ಮದು. ನಾನು ಏಳನೇ ಇಯತ್ತೆ ಓದಿದ ಒಕ್ಕಲಿಗ. ಗುರುಗಳ ಹಾಗೆ ಬರೆಯೋಕೆ ಬರೋದಿಲ್ಲ. ನನಗೆ ಬರುವ ರೀತಿಯಲ್ಲಿ, ಎರಡೂ ಪಕ್ಷ ಹಿಡಿದು ಹೇಳ್ತೀನಿ.

ಈ ಸವಾಲು ನನಗೆ ಬಂದದ್ದು ಮನೆಗೆ ಹಚ್ಚುವ ಅಂಟಿನಿಂದ. ಈಗ ಜತ್ತ ತಾಲೂಕಿನ ಯಾವ ಹಳ್ಳಿಗೆ ಹೋದರೂ ಹೊಸ ಮನೆ ಏಳುತ್ತಿವೆ. ದ್ರಾಕ್ಷಿ, ದಾಳಿಂಬರಿ ಕೈ ಹಿಡಿದ ವರ್ಷ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕುತ್ತಾರೆ. ನೆಲಕ್ಕೆ ಟೈಲ್ಸ್, ಅದಕ್ಕೊಂದು ಅಂಟಿನ ಚೀಲ. ಕಿಡಕಿಗೆ ಸಿಲಿಕಾನ್, ನಳಕ್ಕೆ ಎಂ-ಸೀಲ್, ಕಟ್ಟಿಗೆಗೆ ಫೆವಿಕಾಲ್, ಒಡೆದ ಬಾಸಣಿಗೆ ಫೆವಿಕ್ವಿಕ್. ಅಂಗಡಿಯವ ಯಾವುದನ್ನು ಕೊಟ್ಟರೂ ಒಂದೇ ಮಾತು ಹೇಳ್ತಾನೆ, “ಬಿಡಂಗೇ ಇಲ್ಲ ತಗೋರಿ.” ನಾವೂ ಅದನ್ನೇ ದೊಡ್ಡ ಗುಣ ಅಂತ ತಿಳಿದು ರೊಕ್ಕ ಕೊಟ್ಟು ಬರ್ತೀವಿ. ಬಿಡದೇ ಇರುವುದು ನಿಜವಾಗಿ ದೊಡ್ಡ ಗುಣವೇ? ಇದನ್ನು ವಿಚಾರ ಮಾಡೋಣ.

ಮೊದಲು ನನ್ನ ಕೈಯಲ್ಲಿರುವ ದಪ್ಪಿನ ಮಾತು. ದಪ್ಪು ಅಂದರೆ ಕಟ್ಟಿಗೆಯ ಬಳೆ, ಅದರ ಮೇಲೆ ತೊಗಲು. ತೊಗಲನ್ನು ಬಳೆಗೆ ಹಿಡಿಸುವುದು ಹುಣಸೆ ಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಅರೆದು, ಕುದಿಸಿದರೆ ಅಂಟು ಆಗ್ತದೆ. ಇದೇ ಸರಿಯನ್ನು ನಮ್ಮ ಹಾಲುಮತದವರು ಕಂಬಳಿಯ ಉಣ್ಣೆ ನೂಲಿಗೂ ಹಾಕುತ್ತಾರೆ. ದಪ್ಪನ್ನು ಬಿಸಿಲಿಗೆ ಕಾಸಿ, ರಾತ್ರಿಯೆಲ್ಲ ಬಾರಿಸಿದರೂ ಆ ಅಂಟು ಒಂದು ಕೂದಲೆಳೆ ಸಡಿಲಾಗೋದಿಲ್ಲ. ಆದರೆ ತೊಗಲು ಹರಿದ ದಿನ ಅದೇ ದಪ್ಪನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗ್ಗೆ ತೊಗಲು ತಾನೇ ಬಿಟ್ಟುಕೊಡ್ತದೆ. ಬಳೆಗೆ ಒಂದು ಗೀರು ಬೀಳೋದಿಲ್ಲ. ಹೊಸ ತೊಗಲು ಹಾಕು, ಮತ್ತೆ ಹಾಡು. ಹಿಂಗೆ ಒಂದೇ ಬಳೆ ಎಷ್ಟೋ ತೊಗಲು ಕಾಣ್ತದೆ. ಬಿಡದ ಅಂಟು ಹಚ್ಚಿದ್ದರೆ ಮೊದಲನೇ ತೊಗಲಿನ ಜೊತೆಗೇ ಬಳೆಯ ಆಯುಷ್ಯವೂ ಮುಗೀತಿತ್ತು.

ನಮ್ಮ ಜಿಲ್ಲೆಯ ಮಿರಜ ತಂಬೂರಿ, ಸಿತಾರಕ್ಕೆ ದೇಶದಲ್ಲೆಲ್ಲ ಹೆಸರು. 2024ರಲ್ಲಿ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿತು. ಪಂಢರಪುರ, ಮಂಗಳವೇಢೆ ಕಡೆಯ ಒಣಗಿದ ಸೋರೆ ಬುರುಡೆಗೆ ಕಟ್ಟಿಗೆ ಕೂಡಿಸಿ ಅಲ್ಲಿಯ ಕಾರೀಗರರು ತಂಬೂರಿ ಮಾಡುತ್ತಾರೆ. ಹಳೆಯ ಕಾಲದ ತಂತಿ ವಾದ್ಯಗಳನ್ನು ಕೂಡಿಸುತ್ತಿದ್ದುದು ಸರೇಸಿನಿಂದ. ಸರೇಸು ಅಂದರೆ ದನದ ತೊಗಲು, ಎಲುಬು ಕುದಿಸಿ ತೆಗೆದ ಅಂಟು. ಪರದೇಶದ ಪಿಟೀಲು ಮಾಡುವವರು ಇವತ್ತಿಗೂ ಬೇಕಂತಲೇ ಸರೇಸನ್ನೇ ಹಚ್ಚುತ್ತಾರೆ. ಯಾಕೆಂದರೆ ನಾಳೆ ಒಳಗೆ ಏನಾದರೂ ಬಿರುಕು ಬಿಟ್ಟರೆ ಬಿಸಿನೀರು, ಹಬೆ ತಾಗಿಸಿ ಮೇಲಿನ ಹಲಗೆ ತೆಗೆದು ದುರಸ್ತಿ ಮಾಡಬೇಕಲ್ಲ. ಮಾಡುವವ ಮಾಡುವಾಗಲೇ ದುರಸ್ತಿ ಮಾಡುವವನ ಕೈಯನ್ನು ನೆನಸಿಕೊಂಡಿರುತ್ತಾನೆ.

ಹಳೆಯ ಅಂಟುಗಳೆಲ್ಲ ಹಿಂಗೇ. ಒಂದೊಂದಕ್ಕೆ ಒಂದೊಂದು ಬೀಗದ ಕೈ ಇತ್ತು. ಹಿಟ್ಟಿನ ಗಂಜಿಗೆ, ಹುಣಸೆ ಸರಿಗೆ ತಣ್ಣೀರು. ಸರೇಸಿಗೆ ಬಿಸಿನೀರು. ಕುಡಗೋಲಿನ ಹಿಡಿಯಲ್ಲಿ ತುಂಬುವ ಅರಗಿಗೆ ಬೆಂಕಿ. ಬಾಗಿಲ ಚೌಕಟ್ಟಿಗೆ ಬಡಿಗೇರ ಅಂಟೇ ಹಚ್ಚುತ್ತಿರಲಿಲ್ಲ. ಒಂದು ಕಟ್ಟಿಗೆಯ ತುದಿಯನ್ನು ಇನ್ನೊಂದರ ತೂತಿನೊಳಗೆ ಕೂಡಿಸಿ ಬಿದಿರ ಮೊಳೆ ಬಡೀತಿದ್ದ. ಮೊಳೆ ತೆಗೆದರೆ ಚೌಕಟ್ಟು ಬಿಚ್ಚಿ ಬೇರೆ ಮನೆಗೆ ಹೋಗ್ತಿತ್ತು.

ಇಲ್ಲಿಗೆ ಒಂದು ಪಕ್ಷ ಆಯಿತು. ಇನ್ನು ಎದುರು ಪಕ್ಷ. ಅದು ಸಣ್ಣದಲ್ಲ.

1993ರ ಸೆಪ್ಟೆಂಬರ್ 30. ಬೆಳಗಾಗುವ ಮುಂಚೆ, ನಾಲ್ಕರ ಸುಮಾರಿಗೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿ ಕಳಿಸಿ ದಣಿದು ಮಲಗಿದ್ದ ಮಂದಿ ಮಲಗಿದಲ್ಲೇ ಉಳಿದರು. ಸತ್ತವರು ಹತ್ತು ಸಾವಿರದ ಹತ್ತಿರ. ಅವರನ್ನು ಕೊಂದದ್ದು ಅವರ ಮನೆಗಳೇ. ದಪ್ಪ ಕಲ್ಲಿನ ಗೋಡೆ, ನಡುವೆ ಕೆಸರು, ಮೇಲೆ ಮೊಳದಷ್ಟು ಮಣ್ಣಿನ ಮಾಳಿಗೆ. ನಮ್ಮ ಕಡೆಯ ಹಳೆಯ ಮನೆಗಳ ಹಾಗೆಯೇ. ಕೆಸರು ಕಲ್ಲನ್ನು ಹಿಡಿಯಲಿಲ್ಲ. ಗೋಡೆಯ ಒಳಮೈ ಒಂದು ಕಡೆ, ಹೊರಮೈ ಒಂದು ಕಡೆ ಬಿಟ್ಟುಕೊಂಡು, ಮಾಳಿಗೆ ಎದೆಯ ಮೇಲೆ ಬಿತ್ತು. ಆಗ ನಾನು ಮೂವತ್ತರ ಆಸುಪಾಸಿನವ. ಆ ವರ್ಷ ಎಷ್ಟೋ ದಿನ ನಮ್ಮ ಊರಲ್ಲೂ ಮಂದಿ ಅಂಗಳದಲ್ಲಿ ಮಲಗಿದರು.

ಆದ್ದರಿಂದ “ಹಳೆಯದೆಲ್ಲ ಬಂಗಾರ, ಬಿಡಿಸಲು ಬಂದರೆ ಸಾಕು” ಅಂತ ಹಾಡಿದರೆ ನನ್ನ ಎದುರಿನ ಹಾಡುಗಾರ ಒಂದೇ ಮಾತಿನಲ್ಲಿ ಕೂರಿಸಿಬಿಡ್ತಾನೆ. “ಕಿಲ್ಲಾರಿಗೆ ಏನಂತಿ?” ಬಿಡಬಾರದ ಹೊತ್ತಿನಲ್ಲಿ ಬಿಟ್ಟ ಅಂಟು ಅಂಟಲ್ಲ. ಮನುಷ್ಯರ ತಲೆಯ ಮೇಲೆ ನಿಲ್ಲುವುದನ್ನು ಗಟ್ಟಿಯಾಗಿ ಹಿಡಿಯಲೇಬೇಕು.

ಆದರೆ ಆ ಮೇಲೆ ಇಂಜಿನಿಯರರು ಏನು ಹೇಳಿದರು ಅನ್ನೋದನ್ನೂ ಕೇಳಬೇಕು. ಗೋಡೆಯ ಎರಡೂ ಮೈಗೆ ಮುಟ್ಟುವಂಥ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡಿರಿ, ಬಾಗಿಲ ತಲೆಯ ಮಟ್ಟದಲ್ಲಿ ಮನೆ ಸುತ್ತ ಒಂದು ಪಟ್ಟಿ ಕಟ್ಟಿರಿ, ಮಾಳಿಗೆಯ ಮಣ್ಣಿನ ಭಾರ ಇಳಿಸಿರಿ ಅಂದರು. ನೋಡ್ರಿ, ಇದರಲ್ಲಿ ಅಂಟಿನ ಮಾತಿಗಿಂತ ಹಿಡಿತದ ಮಾತೇ ಹೆಚ್ಚು. ಕಲ್ಲು ಕಲ್ಲನ್ನು ಹಿಡಿಯಬೇಕು. ಎಲ್ಲ ಭಾರವನ್ನೂ ಅಂಟಿನ ಮೇಲೆ ಹಾಕಿದವನ ಮನೆ ಯಾವ ಕಾಲಕ್ಕೂ ಅಂಜಿಕೆಯದ್ದೇ.

ಇವೆರಡನ್ನೂ, ದಪ್ಪನ್ನೂ ಕಿಲ್ಲಾರಿಯನ್ನೂ, ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದಾಗ ನನಗೆ ಸಿಕ್ಕ ನ್ಯಾಯ ಇದು: ಒಳ್ಳೆಯ ಕೂಡಿಕೆ ಹೊಡೆತಕ್ಕೆ ಬಿಡಬಾರದು, ನೀರಿಗೆ ಬಿಡಬೇಕು. ಹೊಡೆತ ಅಂದರೆ ಸಿಟ್ಟು, ಗಾಳಿ, ಭೂಕಂಪ, ಅವಸರ. ನೀರು ಅಂದರೆ ತಾಳ್ಮೆ, ತಿಳಿವಳಿಕೆ, ಸರಿಯಾದ ಹೊತ್ತು. ಕಿಲ್ಲಾರಿಯ ಗೋಡೆ ಮೊದಲನೇ ಅರ್ಧದಲ್ಲಿ ಸೋತಿತು. ಈಗಿನ ಎಷ್ಟೋ ಅಂಟು ಎರಡನೇ ಅರ್ಧದಲ್ಲಿ ಸೋಲುತ್ತವೆ.

ಎರಡೂ ಅರ್ಧ ಗೆದ್ದದ್ದು ಇಲ್ಲವೇ ಅಂತ ಕೇಳಿದರೆ ಐತಿ, ಬಹಳ ದೂರ ಇಲ್ಲ. ನಮ್ಮ ತಾಲೂಕಿನ ಗಡಿ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿಯ ಗೋಳಗುಮ್ಮಟ 1656ರ ಸುಮಾರಿಗೆ ಮುಗಿದದ್ದು. 44 ಮೀಟರ್ ಅಗಲದ ಆ ಗುಮ್ಮಟ ಇಟ್ಟಂಗಿ ಮತ್ತು ಸುಣ್ಣದ ಗಚ್ಚಿನದು. ಸುಣ್ಣದ ಗುಣ ಏನೆಂದರೆ ಅದು ಅವಸರ ಮಾಡೋದಿಲ್ಲ. ಗಾಳಿ ಕುಡಿದು ಕುಡಿದು ವರ್ಷಗಟ್ಟಲೆ ಗಟ್ಟಿಯಾಗ್ತದೆ. ಆದರೂ ಇಟ್ಟಂಗಿಗಿಂತ ಒಂದು ಗುಂಜಿ ಮೆತ್ತಗೇ ಇರ್ತದೆ. ಹಳೆಯ ಗಚ್ಚಿನ ಗೋಡೆಯನ್ನು ಚಾಣ ಹಿಡಿದು ಸಾವಕಾಶ ಬಿಡಿಸಿದರೆ ಇಟ್ಟಂಗಿ ಇಡಿಯಾಗಿ ಕೈಗೆ ಬರ್ತದೆ. ಸಿಮೆಂಟಿನದು ಬೇರೆ ಜಾತಿ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗೌಂಡಿ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅಲ್ಲಿಂದ ಜಗತ್ತೇ ಬದಲಾಯಿತು. ಸಿಮೆಂಟಿಲ್ಲದೆ ಕೆರೆಯ ತೂಬಿಲ್ಲ, ನೀರಿನ ಟಾಕಿ ಇಲ್ಲ. ಆದರೆ ಸಿಮೆಂಟಿನಲ್ಲಿ ಕಟ್ಟಿದ ಇಟ್ಟಂಗಿ ಗೋಡೆ ಕೆಡವಿ ನೋಡ್ರಿ. ಸಂದು ಬಿಡುವ ಮುಂಚೆ ಇಟ್ಟಂಗಿಯೇ ಒಡೆದು ಹೋಗಿರ್ತದೆ. ಒಡೆಯುವ ಹೊತ್ತು ಬಂದಾಗ ಕೂಡಿಕೆ ಒಡೆಯಬೇಕು, ಕೂಡಿದವರು ಒಡೆಯಬಾರದು.

ಹೊಸ ಅಂಟುಗಳೂ ಬಹಳ ಹಿಂದಿನವಲ್ಲ. ಮನೆಮಾತಾದ ಫೆವಿಕಾಲ್ ನಮ್ಮ ದೇಶದಲ್ಲಿ ಹುಟ್ಟಿದ್ದು 1959ರಲ್ಲಿ. ಅದಕ್ಕೂ ಮೊದಲು ಬಡಿಗೇರ ಬೆಂಕಿಯ ಮೇಲೆ ಸರೇಸಿನ ಡಬ್ಬಿ ಕುದಿಸುತ್ತ, ಅದರ ನಾತ ತಡೆಯುತ್ತ ಕೂಡಬೇಕಿತ್ತು. ಬಿಳಿ ಅಂಟು ಬಂದು ಅವನ ಕಷ್ಟ ತಪ್ಪಿತು. ಅದನ್ನು ಹಳಿಯುವುದು ಕೃತಘ್ನತನ. ಹೊಸದು ಬೇಡ ಅನ್ನೋದಲ್ಲ ನನ್ನ ಮಾತು. ಯಾವುದನ್ನು ಎಲ್ಲಿ ಹಚ್ಚಬೇಕು ಅನ್ನೋದು ನನ್ನ ಮಾತು.

ಶಾಲೆಯ ಗುರುಗಳೊಬ್ಬರು ನನಗೆ ಒಂದು ಸಂಗತಿ ಹೇಳಿದರು. ಈಜಿಪ್ಟ್ ದೇಶದಲ್ಲಿ ತುತಾಂಖಾಮನ್ ಎಂಬ ಅರಸನ ಬಂಗಾರದ ಮುಖವಾಡ ಐತಿ. 3,300 ವರ್ಷಕ್ಕೂ ಹಳೆಯದು. 2014ರಲ್ಲಿ ಅದರ ಗಡ್ಡದ ಭಾಗ ಕೈ ತಾಗಿ ಕಳಚಿತು. ಅವಸರದಲ್ಲಿ ಎಪಾಕ್ಸಿ ಹಚ್ಚಿ ಕೂರಿಸಿದರು. ಅದು ನಮ್ಮ ಎಂ-ಸೀಲ್, ಅರಾಲ್ಡೈಟಿನ ಜಾತಿಯ ಅಂಟು. ಜಗತ್ತೆಲ್ಲ ಛೀ ಅಂದಿತು. ಮರುವರ್ಷ ಜರ್ಮನಿಯ ಮತ್ತು ಈಜಿಪ್ಟಿನ ತಜ್ಞರು ಕೂಡಿ, ಸ್ವಲ್ಪ ಸ್ವಲ್ಪ ಬಿಸಿ ಮಾಡಿ, ಕಟ್ಟಿಗೆಯ ಕಡ್ಡಿಯಿಂದ ಆ ಅಂಟನ್ನು ಕೆರೆದು ತೆಗೆದರು. ವಾರಗಟ್ಟಲೆ ಹಿಡಿದ ಕೆಲಸ. ಆಮೇಲೆ ಗಡ್ಡ ಕೂಡಿಸಲು ಏನು ಹಚ್ಚಿದರು ಗೊತ್ತೇನು? ಜೇನುಮೇಣ. ಹಳೆಯ ವಸ್ತು ಕಾಯುವವರ ಧರ್ಮವೇ ಅದಂತೆ. ಇಂದು ನಾನು ಮಾಡಿದ್ದನ್ನು ನಾಳೆ ನನಗಿಂತ ತಿಳಿದವನು ಬಂದು ಬಿಡಿಸಲು ಬರಬೇಕು.

ಈ ಧರ್ಮ ಬಂಗಾರದ ಮುಖವಾಡಕ್ಕೆ ಮಾತ್ರವೇ? ನಮ್ಮ ಬೀಗರ ಮನೆಯಲ್ಲಿ ಪಾಲಾಗುವಾಗ ಹಿರಿಯರ ಪೈಕಿ ನನ್ನನ್ನೂ ಕರೆದಿದ್ದರು. ಹೊಲ, ದನ, ಪಾತ್ರೆ ಎಲ್ಲ ಸುಸೂತ್ರ ಪಾಲಾಯಿತು. ಮುದುಕಿ ಸಣ್ಣ ಮಗನ ಜೊತೆ ತೋಟದ ಮನೆಗೆ ಹೋಗುವುದಿತ್ತು. ತನ್ನ ಒಳಕಲ್ಲು ಕೇಳಿದಳು. ಮದುವೆಯಾಗಿ ಬಂದಾಗಿನಿಂದ ಕಾರ, ಹಿಂಡಿ ಕುಟ್ಟಿದ ಕಲ್ಲು. ಹಳೆಯ ಮನೆಯಲ್ಲಿ ಅದು ಮಣ್ಣಿನ ನೆಲದಲ್ಲಿ ಹುಗಿದದ್ದು, ಹಾರೆ ಹಾಕಿದರೆ ಬರ್ತಿತ್ತು. ಹೊಸ ಅಡಿಗೆಮನೆ ಆದಾಗ ಅದನ್ನು ಸಿಮೆಂಟ್ ಹಾಕಿ ಕೂರಿಸಿ, ಸುತ್ತ ಟೈಲ್ಸಿನ ಅಂಟು ತುಂಬಿದ್ದರು. ಗೌಂಡಿ ಬಂದು ನೋಡಿ ಹೇಳಿದ, “ಟೈಲ್ಸ್ ಉಳಿಸಬೇಕಂದ್ರ ಕಲ್ಲು ಒಡೀತದ್ರಿ. ಕಲ್ಲು ಉಳಿಸಬೇಕಂದ್ರ ಟೈಲ್ಸ್ ಹೋಗತಾವ.”

ಹಿರಿ ಸೊಸೆಗೆ ಸಂಕಟ. ಅವಳೂ ಕೂಲಿ ಮಾಡಿ ಹಾಕಿಸಿದ ನೆಲ, ಅದರ ಬಣ್ಣದ ಟೈಲ್ಸ್ ಮತ್ತೆ ಸಿಗೋದಿಲ್ಲ. ಅವಳ ಮಾತು ಸುಳ್ಳಲ್ಲ. ಮುದುಕಿ ಜಗಳ ಮಾಡಲಿಲ್ಲ. ನನ್ನ ಕಡೆ ನೋಡಿ ಇಷ್ಟೇ ಅಂದಳು, “ಬೀಗರ, ಕೂಡಸೂವಾಗ ನನ್ನ ಯಾರೂ ಕೇಳ್ಲಿಲ್ಲ. ಈಗ ಬಿಡಸೂವಾಗ ಎಲ್ಲಾರೂ ನನ್ನ ಮಾರಿ ನೋಡ್ತೀರಿ.”

ನಾವು ಹಿರಿಯರು ಕಲ್ಲು ಉಳಿಯಲಿ ಅಂತ ಹೇಳಿದೆವು. ಒಡೆದ ನೆಲದ ಖರ್ಚು ಸಣ್ಣ ಮಗ ಕೊಡಬೇಕು ಅಂತ ಕಟ್ಟು ಮಾಡಿದೆವು. ಗೌಂಡಿ ಎರಡು ದಿವಸ ಚಾಣದಿಂದ ಸುತ್ತ ಕಡಿದು, ನಾಲ್ಕು ಟೈಲ್ಸ್ ಹೋಗಿ, ಕಲ್ಲು ಕೊರಳಿಗೆ ಸಿಮೆಂಟಿನ ಪಟ್ಟಿ ಕಟ್ಟಿಕೊಂಡೇ ಹೊರಗೆ ಬಂತು. ಹೋದ ಟೈಲ್ಸಿನ ಬೆಲೆ ದೊಡ್ಡದಲ್ಲ. ಆದರೆ ಅತ್ತೆ ಸೊಸೆ ಇಬ್ಬರ ಮನಸ್ಸಿನಲ್ಲೂ ಒಂದು ಗೀರು ಉಳೀತು. ಇಬ್ಬರದೂ ತಪ್ಪಿಲ್ಲ. ಕೂಡಿಸುವ ದಿನ “ಇದನ್ನ ಯಾರಾದರೂ ಬಿಡಸಬೇಕಾಗಬಹುದು” ಅನ್ನುವ ಒಂದು ಮಾತು ಅಲ್ಲಿ ಏಳಲಿಲ್ಲ, ಅಷ್ಟೇ. ಅದಕ್ಕೇ ಅಂಟಿನ ಮಾತು ಬರೀ ಗೌಂಡಿಯ ಮಾತಲ್ಲ ಅನ್ನೋದು. ಈಗ ಕೂಡಿಸುವವನು ಮುಂದೆ ಬರುವವನ ಕೈ ಕಟ್ಟಬಾರದು. ಮನೆ ಇಂದು ನಮ್ಮದು. ನಾಳೆ ಯಾರದೋ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. “ಬಿಡಿಸುವ ವಿಚಾರ ಇಟ್ಟುಕೊಂಡೇ ಕೂಡಿಸುವುದು ಅಪಶಕುನ ಅಲ್ಲವೇ? ನಂಬಿಕೆ ಇದ್ದವರು ಹಿಂಗ ಮಾಡ್ತಾರೇನು?” ನಾನು ಭಾರತದ ಒಂದು ಕಥೆ ಹೇಳ್ತೀನಿ. ಪಾಂಡವರನ್ನು ಅರಗಿನ ಮನೆಯಲ್ಲಿ ಇಟ್ಟರು. ಅರಗು ಕಟ್ಟಿಗೆಯನ್ನು ಚೆಂದ ಹಿಡೀತದೆ, ಬೆಂಕಿಗೆ ಕರಗ್ತದೆ. ವಿದುರ ಮನೆಯನ್ನು ಬೈಯುತ್ತ ಕೂಡಲಿಲ್ಲ. ತೋಡುವವನನ್ನು ಕಳಿಸಿ ನೆಲದೊಳಗೆ ಸುರಂಗ ಮಾಡಿಸಿದ. ಆ ದಾರಿ ಇದ್ದದ್ದರಿಂದ ತಾಯಿ, ಐದು ಮಕ್ಕಳು ಉಳಿದರು. ದಾರಿ ಇಡುವುದು ಅಪನಂಬಿಕೆ ಅಲ್ಲ. ಒಳಗೆ ಇರುವವರ ಮೇಲಿನ ಪ್ರೀತಿ.

ಇನ್ನು ಮನೆಯ ಮಾತಿಗೆ ಬರೋಣ. ಹಚ್ಚಿದ್ದನ್ನು ತೆಗೆಯುವ ರೀತಿ ಎಲ್ಲರಿಗೂ ಬೇಕಾದದ್ದು. ಡಬ್ಬಿಗೆ ಅಂಟಿದ ಚೀಟಿಯ ಗೋಂದಿಗೆ ಅಡಿಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಹೋಗ್ತದೆ. ಕಟ್ಟಿಗೆಗೆ ಹಚ್ಚಿದ ಬಿಳಿ ಅಂಟು ಒಣಗಿದ್ದರೆ ಬಿಸಿನೀರಿನ ಬಟ್ಟೆ ಮೇಲೆ ಇಟ್ಟು ಕಾಯಬೇಕು, ಮೆತ್ತಗಾಗ್ತದೆ. ಸಿಲಿಕಾನ್ ನೀರಿಗೂ ಎಣ್ಣೆಗೂ ಕರಗೋದಿಲ್ಲ, ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಎಳೆಯಬೇಕು. ಎಪಾಕ್ಸಿ ಗಟ್ಟಿಯಾದ ಮೇಲೆ ಕರಗೋದಿಲ್ಲ, ಬಿಸಿ ತಾಗಿದರೆ ಮೆತ್ತಗಾಗ್ತದೆ, ಆಗ ಕೆರೆಯಬೇಕು. ಸುಟ್ಟು ಹೊಗೆ ಎಬ್ಬಿಸಬಾರದು. ಫೆವಿಕ್ವಿಕ್‌ನಿಂದ ಬೆರಳಿಗೆ ಬೆರಳು ಅಂಟಿದರೆ ಜಗ್ಗಬ್ಯಾಡ್ರಿ, ಚರ್ಮ ಕಿತ್ತು ಬರ್ತದೆ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಹೊರಳಿಸುತ್ತ ಬಿಡಿಸಬೇಕು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಆ ಅಂಟನ್ನು ಕರಗಿಸ್ತದೆ, ಆದರೆ ಕಣ್ಣಿನ ಹತ್ತಿರ ಅದನ್ನು ಒಯ್ಯಬಾರದು. ಕಣ್ಣಿಗೆ ಅಂಟು ಸಿಡಿದರೆ ರೆಪ್ಪೆ ಜಗ್ಗದೆ ಸೀದಾ ಡಾಕ್ಟರ ಕಡೆ ಹೋಗಬೇಕು. ಘಾಟು ವಾಸನೆಯ ಅಂಟು, ಥಿನ್ನರ್ ಬಳಸುವಾಗ ಕಿಡಕಿ ತೆಗೆದಿರಲಿ, ಒಲೆ ಆರಿರಲಿ. ಅವುಗಳ ಆವಿಗೆ ಬೆಂಕಿ ಹತ್ತುತ್ತದೆ.

ಇದರಲ್ಲಿ ಒಂದು ಮಾತು ಗಮನಿಸ್ರಿ. ಯಾವ ಅಂಟನ್ನೇ ಬಿಡಿಸಲಿ, ಜಗ್ಗಿದವನು ಕೆಟ್ಟ, ನೆನೆಸಿದವನು ಗೆದ್ದ. ಬಿಡಿಸುವುದು ಕೂಡಿಸುವುದಕ್ಕಿಂತ ದೊಡ್ಡ ಕಸುಬು.

ಮನುಷ್ಯರ ಕೂಡಿಕೆಗೂ ನನಗೆ ಇದೇ ನ್ಯಾಯ ಕಾಣ್ತದೆ. ಅಣ್ಣತಮ್ಮಂದಿರು ಜಾತ್ರೆಯಲ್ಲಿ ಬಂದ ಒಂದು ಮಾತಿಗೆ ಮರುದಿನವೇ ಒಲೆ ಬೇರೆ ಮಾಡುತ್ತಾರೆ. ಅದು ಕಿಲ್ಲಾರಿಯ ಗೋಡೆ, ಒಂದು ಹೊಡೆತಕ್ಕೆ ಬಿಟ್ಟಿತು. ಇನ್ನೊಂದು ಕಡೆ, ಮಗಳು ಗಂಡನ ಮನೆಯಲ್ಲಿ ಹೊಡೆತ ತಿಂದು ತವರಿಗೆ ಓಡಿ ಬಂದರೆ ನಾವೇ ಹಿರಿಯರು ಕೂತು, “ಹೆಂಗರ ಮಾಡಿ ಹೊಂದಿಕೊಂಡು ಹೋಗವ್ವ, ಕೊಟ್ಟ ಹೆಣ್ಣು ಕುಲಕ್ಕ ಹೊರಗ” ಅಂತ ಮತ್ತೆ ಕಳಿಸುತ್ತೇವೆ. ಒಂದು ಸಲ, ಎರಡು ಸಲ, ಹತ್ತು ಸಲ. ಮದುವೆ ಉಳೀತು ಅಂತ ನಾವು ಎಲೆಅಡಿಕೆ ಹಾಕಿಕೊಂಡು ಏಳುತ್ತೇವೆ. ಅಲ್ಲಿ ಅಂಟು ಉಳೀತು, ಕಲ್ಲು ಒಡೀತು. ಕೂಡಿಕೆ ಇರುವುದು ಕೂಡಿದವರ ಸಲುವಾಗಿ. ಕೂಡಿದವರೇ ಒಡೆಯುವಾಗ ಕೂಡಿಕೆಯನ್ನು ಕಾಯುವುದು ಧರ್ಮ ಅಲ್ಲ.

ಹಂಗಂತ ಎಲ್ಲಕ್ಕೂ ಬಿಡುಗಡೆಯೇ ಮದ್ದು ಅಂತಲ್ಲ. ನಮ್ಮ ಕಡೆ ಒಂದು ಬಾವಿಯಲ್ಲಿ ನಾಲ್ಕು ಪಾಲು ಇರುತ್ತವೆ. ನೀರು ಕಡಿಮೆ ಇರುವ ಸೀಮೆ ನಮ್ಮದು. ಯಾವ ದಿನ ಯಾರ ಪಾಳಿ ಅಂತ ಮೊದಲೇ ಕಾಗದದಲ್ಲಿ ಬರೆದಿಟ್ಟ ಬಾವಿ, ಬೇಸಗೆಯ ಎಷ್ಟೋ ಜಗಳ ದಾಟಿ ನಿಂತದ್ದನ್ನು ಕಂಡೀನಿ. “ನಮ್ಮೊಳಗ ಕಾಗದ ಯಾಕ” ಅಂದವರ ಬಾವಿ ಕೋರ್ಟಿಗೆ ಹೋದದ್ದನ್ನೂ ಕಂಡೀನಿ. ಬಿಡಿಸುವ ದಾರಿ ಗೊತ್ತಿದ್ದರೆ ಮನುಷ್ಯ ಅವಸರ ಮಾಡೋದಿಲ್ಲ, ಕೊಡಲಿ ಹುಡುಕೋದಿಲ್ಲ. ಅದಕ್ಕೇ ಆ ಕೂಡಿಕೆ ಹೆಚ್ಚು ದಿನ ಬಾಳತದೆ.

ಹಂಗಾದರೆ ನನ್ನ ಸವಾಲಿಗೆ ಜವಾಬು ಇಷ್ಟು. ತಲೆಯ ಮೇಲೆ ಭಾರ ಹೊರುವುದನ್ನು ಗಟ್ಟಿಯಾಗಿ ಕೂಡಿಸ್ರಿ, ಅಲ್ಲಿ ರೊಕ್ಕ ಉಳಿಸಬ್ಯಾಡ್ರಿ. ಉಳಿದದ್ದನ್ನು, ಹಾಸಿದ್ದು, ಹಚ್ಚಿದ್ದು, ಚೆಂದಕ್ಕೆ ಇಟ್ಟದ್ದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಂಥದ್ದು, ಬಿಡಿಸಲು ಬರುವ ಹಾಗೆ ಕೂಡಿಸ್ರಿ. ಇನ್ನು ಮುಂದೆ ಅಂಗಡಿಯವ “ಬಿಡಂಗೇ ಇಲ್ಲ” ಅಂದಾಗ ಅಷ್ಟಕ್ಕೇ ರೊಕ್ಕ ಎಣಿಸಬ್ಯಾಡ್ರಿ. “ಬಿಡಸೂದು ಹೆಂಗ?” ಅಂತ ಒಂದು ಮಾತು ಕೇಳ್ರಿ. ಅವನಿಗೆ ಗೊತ್ತಿಲ್ಲದಿದ್ದರೆ ಡಬ್ಬಿಯ ಮೇಲೆ ಬರೆದದ್ದನ್ನು ಶಾಲೆಗೆ ಹೋಗುವ ಮಕ್ಕಳಿಂದ ಓದಿಸ್ರಿ.